ವರಾಲು ಪುರೋಹಿತರನ್ನು ಕರೆತಂದದ್ದು

ನಮ್ಮೂರಿನ ಹೆಸರು ಕೊತ್ತರೇವು, ಅಂದರೆ ಹೊಸ ರೇವು. ಈ ಹೊಸದಕ್ಕೆ ನೂರು ವರ್ಷ ದಾಟಿದೆ. ಹಳೆಯ ರೇವು, ಅದರ ಮೆಟ್ಟಿಲು, ಪಕ್ಕದ ಶಿವಾಲಯ ಎಲ್ಲವನ್ನೂ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಗೋದಾವರಿ ಒಂದೇ ಮಳೆಗಾಲದಲ್ಲಿ ನುಂಗಿಬಿಟ್ಟಳು. ಜನ ಲಿಂಗವನ್ನು ತಲೆಯ ಮೇಲೆ ಹೊತ್ತುಕೊಂಡು ಹಿಂದಕ್ಕೆ ಸರಿದು ಇಲ್ಲಿ ಮನೆ ಕಟ್ಟಿದರು. ಆಮೇಲೆ ಭದ್ರಾಚಲದ ಕಡೆಯಿಂದ ತೇಗದ ದಿಮ್ಮಿಗಳ ತೆಪ್ಪ ಬಂತು, ಹೊಗೆಸೊಪ್ಪಿನ ವ್ಯಾಪಾರ ಬಂತು, ಉಗಿದೋಣಿ ಬಂತು. ಬಂದ ಹಾಗೆಯೇ ಎಲ್ಲವೂ ಹೋದವು. ಉಳಿದದ್ದು ಹೊಗೆಸೊಪ್ಪಿನ ಮಹಡಿ ಗೋದಾಮು, ತೆಂಗಿನ ತೋಟಗಳು, ಮತ್ತು ಶ್ರಾವಣದಲ್ಲಿ ಬೀದಿಯವರೆಗೂ ಬಂದು ಹೋಗುವ ನದಿ. ಅದು ಬಂದರೆ ನಾವು ಗಾಬರಿಯಾಗುವುದಿಲ್ಲ. ಒಲೆಯನ್ನು ಮಹಡಿಗೆ ಏರಿಸಿ, ದನಗಳನ್ನು ಏರಿಯ ಮೇಲೆ ಕಟ್ಟಿ, ಕೆಂಪು ನೀರು ಇಳಿಯುವುದನ್ನು ಕಾಯುತ್ತೇವೆ.

ನನ್ನ ಅಕ್ಕನ ಮಗಳು ವರಾಲುವಿನ ಮದುವೆಗೆ ತಣುಕು ಪಟ್ಟಣದಿಂದ ಬಂದ ಗಂಡಿನ ಕಡೆಯವರಿಗೆ ಈ ರೂಢಿ ಇರಲಿಲ್ಲ. ಹಿಂದಿನ ದಿನ ಅವರ ಬಸ್ಸು ಬಂದಾಗ ರಸ್ತೆ ಒಣಗಿತ್ತು. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಸೊಂಟದ ಮಟ್ಟ ನೀರು. ಅಷ್ಟೂ ಜನರನ್ನು ಗೋದಾಮಿನ ಮಹಡಿಗೆ ಹತ್ತಿಸಿದೆವು. ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡವರು ವರನ ನಾನಮ್ಮ, ಅವನ ತಂದೆಯ ತಾಯಿ ಚಿಟ್ಟೆಮ್ಮನವರು. ಆ ಮನೆಯಲ್ಲಿ ಅವರು ಕೆಮ್ಮಿದರೆ ಗಂಡಸರೆಲ್ಲ ಎದ್ದು ನಿಲ್ಲುತ್ತಿದ್ದರು.

"ಇದೇನು ಊರೋ, ಕೆರೆಯೋ?" ಎಂದು ನನ್ನ ಅಕ್ಕನನ್ನು ಕೇಳಿದರು. "ಹೆಣ್ಣು ನೋಡೋಕೆ ಬಂದಾಗ ಮೀನಿನ ಸಂಬಂಧ ಅಂತ ಯಾರೂ ಹೇಳ್ಲಿಲ್ವಲ್ಲ."

ಅಕ್ಕ ಕೆಂಪಾದಳು. ಅವಳಿಗೆ ಬೇರೆ ಚಿಂತೆ ಹತ್ತಿತ್ತು. ಮುಹೂರ್ತ ಮಧ್ಯಾಹ್ನಕ್ಕೆ. ಪುರೋಹಿತ ಸೋಮಯಾಜುಲು ಊರಿನ ಆ ತುದಿಯಲ್ಲಿ ತಮ್ಮ ಮನೆಯ ತಾರಸಿ ಮೇಲೆ ಸಿಕ್ಕಿಕೊಂಡಿದ್ದಾರೆಂದು ಸುದ್ದಿ ಬಂದಿತ್ತು. ವರಾಲುವಿನ ಅಪ್ಪ ನೂಕರಾಜು ಊರಿನ ದೊಡ್ಡ ದೋಣಿಯವನು. ಹುಟ್ಟು ಹಾಕಬಲ್ಲ ಗಂಡಸರನ್ನೆಲ್ಲ ಕರೆದುಕೊಂಡು ನಡುಗಡ್ಡೆಯ ಜನರನ್ನೂ ದನಗಳನ್ನೂ ತರಲು ಹೋಗಿದ್ದ. ಮಗಳ ಮದುವೆಯೆಂದು ಅದನ್ನು ಬಿಡುವ ಹಾಗಿರಲಿಲ್ಲ. ಗೋದಾಮಿನ ಮೆಟ್ಟಿಲಿಗೆ ಕಟ್ಟಿದ್ದ ಪುಟ್ಟ ದೋಣಿ ಒಂದೇ ಉಳಿದಿತ್ತು.

"ಈ ಮುಹೂರ್ತ ತಪ್ಪಿದ್ರೆ ಇನ್ನು ದೀಪಾವಳಿ ಕಳೀಬೇಕು," ಎಂದರು ಚಿಟ್ಟೆಮ್ಮನವರು. ವರನ ಸೋದರಮಾವ ರೋಷದಿಂದ ಪಂಚೆ ಎತ್ತಿ ಕಟ್ಟಿ ದೋಣಿಗಿಳಿದ. ಅದು ಅವನನ್ನು ಕೂರಿಸಿಕೊಂಡು ಗೋದಾಮಿನ ಮುಂದೆಯೇ ಗಿರಗಿರನೆ ಸುತ್ತಿತು. ಎದುರು ತಾರಸಿಯಿಂದ ಯಾರೋ, "ಬಾವಗಾರೂ, ಪ್ರದಕ್ಷಿಣೆ ಸಾಕು, ಇನ್ನು ಮುಂದೆ ಹೋಗಿ," ಎಂದರು. ಕೊನೆಗೆ ಕಂಬ ತಬ್ಬಿಕೊಂಡು ಇಳಿದ.

ಆಗ ವರಾಲು ಎದ್ದಳು. ಮೈಗೆ ಅರಿಶಿನ ಹಚ್ಚಿತ್ತು, ಕೆನ್ನೆಗೆ ಬೊಟ್ಟು ಇಟ್ಟಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಪಿನ್ನೀ, ಕೊಡೆ ಹಿಡ್ಕೊಂಡು ಬಾ. ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದು ಚಿಕ್ಕಮ್ಮನಾದ ನನಗೆ ಹೇಳಿದಳು. ನಡೆಯಲು ಕಲಿತ ಕಾಲದಿಂದಲೂ ಅವಳು ಅಪ್ಪನ ದೋಣಿಯಲ್ಲಿ ಬೆಳೆದವಳು.

"ಅರಿಶಿನ ಹಚ್ಚಿದ ಹುಡುಗಿ ಹೊಸ್ತಿಲು ದಾಟೋದಾ?" ಎಂದರು ಚಿಟ್ಟೆಮ್ಮನವರು.

"ಹೊಸ್ತಿಲು ನೀರೊಳಗಿದೆ ನಾನಮ್ಮಾ. ದಾಟಿದ್ದು ಯಾರಿಗೂ ಕಾಣಲ್ಲ."

ಚಿಟ್ಟೆಮ್ಮನವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕುರ್ಚಿಯಿಂದೆದ್ದರು. "ಹಾಗಾದ್ರೆ ನಾನೂ ಬರ್ತೀನಿ. ನಮ್ಮ ಮನೆಗೆ ಬರೋ ಹುಡುಗಿ ಬೀದಿ ಬೀದಿ ಒಬ್ಬಳೇ ಸುತ್ತಬಾರದು." ನಾನು ಅವರ ಲೆಕ್ಕಕ್ಕೆ ಬರಲಿಲ್ಲವೆಂದು ಕಾಣುತ್ತದೆ.

ಹೀಗೆ ಮೂವರು ಹೆಂಗಸರು ಹೊರಟೆವು. ಎರಡೂ ಕಡೆಯ ತಾರಸಿಗಳಲ್ಲಿ ಊರಿಗೆ ಊರೇ ನಿಂತಿತ್ತು.

"ಏನೇ ವರಾಲು, ಮದುವೆ ಬೇಡ ಅಂತ ಓಡಿಹೋಗ್ತಿದೀಯಾ?" ಎಂದು ಅಕ್ಕಸಾಲಿ ಕನಕಯ್ಯ ಕೂಗಿದ.

"ಹೂಂ ಮಾವಯ್ಯಾ. ಅತ್ತೆಮನೆ ಅಜ್ಜೀನೂ ಹಾರಿಸ್ಕೊಂಡು ಹೋಗ್ತಿದೀನಿ."

ಚಿಟ್ಟೆಮ್ಮನವರ ತುಟಿ ಅದುರಿದ್ದನ್ನು ನಾನು ಕಂಡೆ. ಸಿಟ್ಟೋ ನಗುವೋ ತಿಳಿಯಲಿಲ್ಲ.

ಸಂತೆ ಮೈದಾನದ ಹತ್ತಿರ ಏರಿ ಒಂದು ಕಡೆ ಒಡೆದು ನೀರು ಜೋರಾಗಿ ನುಗ್ಗುತ್ತಿತ್ತು. ದೋಣಿಯ ಮೂತಿ ಪಕ್ಕಕ್ಕೆ ಹೊರಳಿತು. ಚಿಟ್ಟೆಮ್ಮನವರು ಎದ್ದು ನಿಂತು, "ಎಡಕ್ಕೆ ತಿರುಗಿಸೇ, ಎಡಕ್ಕೆ," ಎಂದು ಕೈ ಬೀಸತೊಡಗಿದರು. ದೋಣಿ ವಾಲಿತು, ನನ್ನ ಕೈಯ ಕೊಡೆ ನೀರಿಗೆ ಹೋಯಿತು.

"ಕೂತ್ಕೊಂಡು ಬಾಯಿ ಮುಚ್ಕೊಳ್ಳಿ," ಎಂದಳು ವರಾಲು.

ಅವರು ಕೂತರು. ವರಾಲು ಹುಟ್ಟನ್ನು ನನಗೆ ಕೊಟ್ಟು, ದೋಣಿಯಲ್ಲಿದ್ದ ಉದ್ದನೆಯ ಗಳವನ್ನು ನೆಲಕ್ಕೆ ಊರಿ, ಮೈಯೆಲ್ಲ ಬಿಲ್ಲಿನಂತೆ ಬಗ್ಗಿಸಿ ದೋಣಿಯನ್ನು ಸೆಳೆತದಿಂದ ತಳ್ಳಿ ತಳ್ಳಿ ಆಚೆಗೆ ದಾಟಿಸಿದಳು. ನೀರು ಶಾಂತವಾದ ಮೇಲೆ ಅವಳು ಚಿಟ್ಟೆಮ್ಮನವರ ಕಡೆ ತಿರುಗಿ ನಾಲಿಗೆ ಕಚ್ಚಿಕೊಂಡಳು. ಹೇಳಿದ್ದೇನೆಂದು ಆಗ ನೆನಪಾಗಿರಬೇಕು.

"ನನಗೆ ಈ ಮಾತು ಯಾರಾದ್ರೂ ಹೇಳಿ ಎಷ್ಟು ಕಾಲ ಆಯ್ತೋ," ಎಂದರು ಚಿಟ್ಟೆಮ್ಮನವರು.

"ತಪ್ಪಾಯ್ತು ನಾನಮ್ಮಾ. ಬೇಕಂತ ಅನ್ಲಿಲ್ಲ."

"ಅಂದದ್ದು ಸರಿಯಾಗೇ ಇತ್ತು. ನಮ್ಮ ಮನೇಲಿ ಗಂಡಸರಿಗೂ ಇದೇ ದನೀಲಿ ಹೇಳು. ನನಗೆ ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ."

ಸೋಮಯಾಜುಲು ತಾರಸಿ ಮೇಲೆ ಪಂಚಾಂಗದ ಚೀಲ ಹಿಡಿದು ಸಿದ್ಧವಾಗಿದ್ದರು. ಪಕ್ಕದಲ್ಲಿ ಒಂದು ಎಳೆಗರು. "ಹೆಂಡತಿ ಮಕ್ಕಳನ್ನ ನೂಕರಾಜು ಬೆಳಿಗ್ಗೇನೇ ಸಾಗಿಸಿದ. ಇದನ್ನ ಒಂದನ್ನೇ ಬಿಟ್ಟು ಬರೋಕೆ ನನ್ನಿಂದಾಗಲ್ಲ," ಎಂದರು.

"ಮಂತ್ರ ಅದಕ್ಕೂ ಬರುತ್ತಾ ಪಂತುಲುಗಾರೂ?" ಎಂದು ಕೇಳಿದ ಚಿಟ್ಟೆಮ್ಮನವರೇ ಆ ಕರುವನ್ನು ತೊಡೆಯ ಮೇಲೆ ಹಾಕಿಕೊಂಡು, ರೇಷ್ಮೆ ಸೀರೆಯ ಸೆರಗು ಹೊದಿಸಿದರು. ದಾರಿಯುದ್ದಕ್ಕೂ ಅದು ವರಾಲುವಿನ ಮೊಣಕೈಯ ಅರಿಶಿನವನ್ನು ನೆಕ್ಕುತ್ತಿತ್ತು. ಅವಳು ನಗುತ್ತ ಹುಟ್ಟು ಹಾಕುತ್ತಿದ್ದಳು. ಸೆಳೆತ ಬಂದಾಗ ಚಿಟ್ಟೆಮ್ಮನವರು ತಾವಾಗಿಯೇ ಬಾಯಿ ಮುಚ್ಚಿಕೊಂಡರು. ಮಾತಾಡಹೊರಟ ಪುರೋಹಿತರನ್ನೂ ಕಣ್ಣಲ್ಲೇ ಗದರಿದರು.

ವರ ಭಾಸ್ಕರಂ ಕಿಟಕಿಗೆ ಅಂಟಿಕೊಂಡು ನಿಂತಿದ್ದವನು ಮೆಟ್ಟಿಲಿಳಿದು ಬಂದು ದೋಣಿಯ ಹಗ್ಗ ಹಿಡಿದ. ಮೆಲ್ಲಗೆ ಕೇಳಿದ, "ನನಗೂ ಕಲಿಸ್ತೀಯಾ?"

"ಮೊದಲು ತಾಳಿ ಕಟ್ಟಿ," ಎಂದಳು ವರಾಲು.

ಒದ್ದೆ ಪಂಚೆಯಲ್ಲೇ ಓಡಿಬಂದ ನೂಕರಾಜು ಕನ್ಯಾದಾನಕ್ಕೆ ಕೂತ. ಗೋದಾಮಿನ ತೊಲೆಗಳಿಂದ ಹಳೆಯ ಹೊಗೆಸೊಪ್ಪಿನ ಧೂಳು ಉದುರಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ವರನ ಸೋದರಮಾವ ಸೀನಿದ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಇಡೀ ಸಾಲು. ಅಪಶಕುನವೆಂದು ಅಕ್ಕನ ಮುಖ ಬಿಳುಚಿತು. ಚಿಟ್ಟೆಮ್ಮನವರು ಕೂತಲ್ಲಿಂದಲೇ, "ಇದು ನಶ್ಯದ ಸೀನು, ಶಕುನದ್ದಲ್ಲ. ಊದ್ರೋ ವಾಲಗ," ಎಂದರು. ವಾಲಗದವನು ಸೀನುತ್ತಲೇ ಊದಿದ.

ನೀರು ಇಳಿಯಲು ಕೆಲವು ದಿನ ಹಿಡಿಯಿತು. ಬೀಗರು ಮಹಡಿಯಲ್ಲಿ ಇಸ್ಪೀಟು ಆಡಿದರು, ನಮ್ಮ ಹೆಂಗಸರ ಜೊತೆ ಕಾಯಿ ತುರಿದರು. ಭಾಸ್ಕರಂ ದಿನವೂ ದೋಣಿ ಹತ್ತಿ, ದಿನವೂ ನೀರಿಗೆ ಬಿದ್ದ. ಪ್ರವಾಹ ಏರಿದ್ದರಿಂದ ಸಮುದ್ರದಿಂದ ಪುಲಸ ಮೀನು ನದಿಗೆ ಏರಿ ಬಂದಿತ್ತು. ನನ್ನಮ್ಮ, ಅಂದರೆ ವರಾಲುವಿನ ಅಮ್ಮಮ್ಮ, ಅದನ್ನು ಹುಣಸೆಹುಳಿಯಲ್ಲಿ, ಬೆಂಡೆಕಾಯಿ ಹಾಕಿ, ಮಡಕೆಯಲ್ಲಿ ನಿಧಾನ ಉರಿಯಲ್ಲಿ ಬೇಯಿಸಿದಳು. ಚಿಟ್ಟೆಮ್ಮನವರು ಒಂದು ತುತ್ತು ತಿಂದರು. ಆಮೇಲೆ ಇನ್ನಷ್ಟು ಬಡಿಸಲೆಂದು ತಟ್ಟೆಯನ್ನು ಮುಂದಕ್ಕೆ ಸರಿಸಿದರು.

ರಸ್ತೆ ತೆರೆದ ದಿನ ಬಸ್ಸು ಬಂತು. ಮದುಮಕ್ಕಳೂ ಸೇರಿ ಎಲ್ಲರೂ ಹತ್ತಿದರು, ಚಿಟ್ಟೆಮ್ಮನವರು ಹತ್ತಲಿಲ್ಲ. ಮೊಣಕಾಲು ನೋವು, ಕುಲುಕಾಟ ಆಗದು ಎಂದರು. ಮಗ ಏನೋ ಹೇಳಬಂದವನು ಅವರು ಕೆಮ್ಮಿದ್ದರಿಂದ ಬಸ್ಸು ಹತ್ತಿ ಕೂತ.

ಮದುವೆಯಾದ ಹದಿನಾರನೆಯ ದಿನದ ಹಬ್ಬಕ್ಕೆ ಗಂಡನೊಡನೆ ತವರಿಗೆ ಬಂದ ವರಾಲು, "ನಾನಮ್ಮಾ, ನಿಮ್ಮನ್ನ ಕರ್ಕೊಂಡೇ ಬರಬೇಕು ಅಂತ ಮಾವ ಹೇಳಿ ಕಳಿಸಿದಾರೆ," ಎಂದಳು. ಚಿಟ್ಟೆಮ್ಮನವರು ಆಗ ಅಡುಗೆಮನೆಯಲ್ಲಿ ನನ್ನಮ್ಮನ ಜೊತೆ ಮಡಕೆಯ ಮುಂದೆ ಕೂತು ಜಗಳವಾಡುತ್ತಿದ್ದರು. ತಲೆಯೆತ್ತದೆ ಹೇಳಿದರು:

"ಪುಲಸ ಮಾಡಿದ ದಿನ ತಿನ್ಬಾರ್ದಂತೆ, ಮರುದಿನಾನೇ ರುಚಿಯಂತೆ. ನಿನ್ನ ಅಮ್ಮಮ್ಮನ ಮಾತು. ನಿಜವೋ ಸುಳ್ಳೋ ನೋಡಿಯೇ ಬರ್ತೀನಿ. ನೀವಿಬ್ಬರೂ ಹೊರಡಿ."