ಊಟದ ಮೇಜಿನಲ್ಲಿ ಹಾಕಿದ ಸಹಿ

ಅಣಬೆ ಫಾರಂನ ಹನ್ನೊಂದು ಹೆಂಗಸರ ಪಾಸ್‌ಪೋರ್ಟುಗಳನ್ನು ಮೇಸ್ತ್ರಿ ಗೋಚಾ ಇಸಕೊಂಡು ತನ್ನ ಕಾರಿನಲ್ಲಿಟ್ಟುಕೊಂಡ. ಅವರೆಲ್ಲರ ಕೈಲೂ ಒಂದೊಂದು ಖಾಲಿ ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಯಾವುದನ್ನೂ ವಾಪಸ್ ಕೊಡಲಿಲ್ಲ.

ಹನ್ನೊಂದೂ ಜನ ಜಾರ್ಜಿಯಾದವರು. ಗೋಚಾ ಕೂಡ ಅಲ್ಲಿಯವನೇ. ನಾನೂ ಅಲ್ಲಿಯವಳೇ, ಹೆಸರು ಎತೆರಿ. ಪೋಲೆಂಡಿಗೆ ಬಂದು ಹದಿನಾಲ್ಕು ವರ್ಷವಾಯಿತು. ಐದು ವರ್ಷ ಇಂಥದ್ದೇ ಫಾರಂನಲ್ಲಿ ಅಣಬೆ ಕಿತ್ತೆ. ಈಗ ಈ ಪಟ್ಟಣದ ಶಾಲೆಯಲ್ಲಿ ನೆಲ ಒರೆಸುತ್ತೇನೆ. ಭಾನುವಾರ ನಾವು ಏಳೆಂಟು ಜನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರಿ ಕೆಲಸಗಾರರ ಕಾನೂನು ಓದುತ್ತೇವೆ. ಓದಿದ್ದನ್ನು ಹೊಸಬರಿಗೆ ಹೇಳುತ್ತೇವೆ. ಹೊಸಬರು ಕೇಳುವುದಿಲ್ಲ. ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ, ಅವರ ಕಿವಿಗೆ ಏನೂ ಆಗಿಲ್ಲ.

ಆ ಹನ್ನೊಂದು ಜನ ಪಾಸ್‌ಪೋರ್ಟನ್ನು ಯಾಕೆ ವಾಪಸ್ ಕೇಳಲಿಲ್ಲ? ಹೆದರಿಕೆಯಿಂದ ಅಂದುಕೊಳ್ಳಬೇಡಿ. ನಾಚಿಕೆಯಿಂದ.

ಅವರು ಬಂದ ಮೊದಲ ಭಾನುವಾರ ಗೋಚಾ ಹಾಸ್ಟೆಲಿನ ಅಡುಗೆಮನೆಯಲ್ಲಿ ಎರಡು ಮೇಜು ಜೋಡಿಸಿ ಊಟ ಇಟ್ಟ. ಚೀಸ್ ತುಂಬಿದ ಬಿಸಿ ರೊಟ್ಟಿ, ಅಕ್ರೋಟು ಅರೆದು ಸವರಿದ ಬದನೆಕಾಯಿ, ಊರಿನಿಂದ ತರಿಸಿದ ದ್ರಾಕ್ಷಾರಸ. ತಾನೇ ತಮಾದಾ ಆಗಿ ಕೂತ. ನಮ್ಮಲ್ಲಿ ತಮಾದಾ ಅಂದರೆ ಆ ಹೊತ್ತಿಗೆ ಮೇಜಿನ ದೊರೆ. ಅವನು ಲೋಟ ಎತ್ತಿ ಮಾತಾಡುವಾಗ ಮಧ್ಯೆ ಬಾಯಿ ಹಾಕುವುದು ಅವಮಾನ. ತೀರಿಕೊಂಡವರ ಹೆಸರಲ್ಲಿ ಒಂದು ಲೋಟ ಎತ್ತಿದ. ಬಿಟ್ಟುಬಂದ ಮಕ್ಕಳ ಹೆಸರಲ್ಲಿ ಒಂದು. ಆಮೇಲೆ ಅಮ್ಮಂದಿರ ಹೆಸರಲ್ಲಿ, ಒಬ್ಬೊಬ್ಬರ ಅಮ್ಮನ ಹೆಸರನ್ನೂ ಕೇಳಿ ಕೇಳಿ ಹೇಳಿದ. ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದಾಗ, "ಅಕ್ಕಂದಿರಾ, ನೋಂದಣಿ ಆಗಬೇಕು, ಪಾಸ್‌ಪೋರ್ಟ್ ಕೊಟ್ಬಿಡಿ. ಈ ಹಾಳೆಗೆ ಕೆಳಗಡೆ ಒಂದು ಸಹಿ. ಮೇಲಿಂದು ನಾನು ಪೋಲಿಷ್‌ನಲ್ಲಿ ಬರ್ಕೋತೀನಿ," ಅಂದ.

ಅಮ್ಮನ ಹೆಸರಲ್ಲಿ ಲೋಟ ಎತ್ತಿದವನನ್ನು, ನೀನು ಏನು ಬರೀತೀಯಪ್ಪಾ ಅಂತ ಯಾವ ಬಾಯಲ್ಲಿ ಕೇಳುವುದು? ಕೇಳಲಿಲ್ಲ. ಕೊಟ್ಟರು.

ನನಗೆ ಇದು ಗೊತ್ತಾಗಿದ್ದು ಮೇ ತಿಂಗಳಲ್ಲಿ. ಲಮಾರಾ ಸಾಮಾನು ತರಲು ಪಟ್ಟಣಕ್ಕೆ ಬಂದವಳು ನನ್ನ ಮನೆಗೂ ಬಂದಿದ್ದಳು. ಮೂವತ್ತೆರಡು ವಯಸ್ಸು, ಊರಲ್ಲಿ ದರ್ಜಿ. ಎರಡು ವರ್ಷ ಇಲ್ಲಿ ದುಡಿದು, ವಾಪಸ್ ಹೋಗಿ ಸ್ವಂತ ಹೊಲಿಗೆ ಅಂಗಡಿ ತೆರೆಯುವುದು ಅವಳ ಲೆಕ್ಕ. ಚಹಾ ಕುಡಿಯುತ್ತಾ ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ನಾನು ತಲೆ ತಲೆ ಚಚ್ಚಿಕೊಂಡೆ. ಮುಂದಿನ ಭಾನುವಾರ ಹಾಸ್ಟೆಲಿಗೇ ಹೋದೆ.

ಅಲ್ಲಿ ತ್ಸಿಯಾಲಾ ಇದ್ದಳು. ಅರವತ್ತರ ಹತ್ತಿರದ ಹೆಂಗಸು, ಹನ್ನೊಂದು ಜನರಲ್ಲಿ ಹಿರಿಯಳು. ಅವಳು ಹೂಂ ಅಂದರೆ ಮಿಕ್ಕ ಹತ್ತೂ ಜನ ಹೂಂ.

"ಬಂದಳಪ್ಪಾ ಕಾಗದದ ಅಕ್ಕ!" ಅಂದಳು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಾ. "ಕೂತ್ಕೋ. ಕೂರೋಕೂ ಒಂದು ಅರ್ಜಿ ಬೇಕೇನು?"

"ನಗಬೇಡ ತ್ಸಿಯಾಲಕ್ಕ. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?"

"ಗೋಚಾ ಹತ್ರ. ಹುಷಾರಾಗಿದೆ. ನನ್ನ ಹತ್ರ ಇದ್ದಿದ್ರೆ ಇಷ್ಟು ಹೊತ್ತಿಗೆ ಎಲ್ಲೋ ಬೀಳಿಸ್ಕೋತಿದ್ದೆ."

"ನಿನ್ನ ಪಾಸ್‌ಪೋರ್ಟ್ ಇಟ್ಕೊಳ್ಳೋ ಹಕ್ಕು ಮೇಸ್ತ್ರಿಗಿಲ್ಲ, ಮಾಲೀಕನಿಗಿಲ್ಲ, ಹಾಸ್ಟೆಲಿನವನಿಗಿಲ್ಲ. ನೋಂದಣಿಗೆ ನೀನೇ ಪಾಸ್‌ಪೋರ್ಟ್ ಹಿಡ್ಕೊಂಡು ಪುರಸಭೆ ಕಚೇರಿಗೆ ಹೋಗಿ ನಿಂತ್ಕೋಬೇಕು. ನೋಡ್ತಾರೆ, ಬರ್ಕೋತಾರೆ, ಅಲ್ಲೇ ವಾಪಸ್ ಕೊಡ್ತಾರೆ. ಕಾಲು ಗಂಟೆ ಕೆಲಸ. ಇವನಿಗೆ ಆರು ವಾರ ಯಾಕೆ?"

"ಎತೆರಿ, ಅವನು ನನ್ನ ಅಮ್ಮನ ಹೆಸರು ಹೇಳಿ ಕುಡಿದವನು."

"ಕುಡಿಯೋಕೆ ಏನು ಖರ್ಚು? ಹೆಸರು ನಿನ್ನಮ್ಮಂದು, ಹೊಟ್ಟೆ ಅವನದು!"

ಹುಡುಗಿಯರು ಕಿಸಕ್ ಅಂದರು. ತ್ಸಿಯಾಲಾ ನಗಲಿಲ್ಲ. ಚಾಕು ಕೆಳಗಿಟ್ಟಳು. "ನೋಡು ತಾಯಿ, ಇಲ್ಲಿದ್ದು ಇದ್ದು ನೀನು ಪೋಲಿಷರ ಥರ ಆಗಿದ್ದೀಯ. ಅನ್ನ ಹಾಕಿದವನ ಹತ್ರ ರಸೀತಿ ಕೇಳೋದು ನಮಗೆ ಬರಲ್ಲ. ಬೇರೆ ಯಾರಿಗಾದ್ರೂ ಪಾಠ ಹೇಳ್ಕೋ ಹೋಗು."

ಹೋದೆ. ಸಿಟ್ಟಿನಲ್ಲಿ ಬಾಗಿಲನ್ನು ದಢಾರನೆ ಹಾಕಿಕೊಂಡೇ ಹೋದೆ. ಆದರೆ ಲಮಾರಾಳನ್ನು ಬಿಡಲಿಲ್ಲ. ಫೋನ್ ಮಾಡಿ ಮಾಡಿ ಪೀಡಿಸಿದೆ. "ಪಾಸ್‌ಪೋರ್ಟ್ ಕೇಳೋಕೆ ನಾಚಿಕೆ ಅಂದ್ರೆ ಸಾಯಿ. ಕೆಲಸದ ಪರವಾನಗಿಯ ಒಂದು ಪ್ರತಿ ಆದ್ರೂ ಕೇಳು. ಅದನ್ನ ನಿನಗೆ ಕೊಡಲೇಬೇಕು ಅಂತ ಕಾನೂನಿದೆ. ಗೋಚಾನ ಕೇಳ್ಬೇಡ, ಫಾರಂ ಆಫೀಸಿನವರನ್ನ ಕೇಳು." ಹದಿನೈದು ದಿನ ಒದ್ದಾಡಿ ಕೊನೆಗೆ ಕೇಳಿದಳು. ಆಫೀಸಿನ ಹುಡುಗಿ ತಲೆ ಕೂಡ ಎತ್ತದೆ ಯಂತ್ರದಲ್ಲಿ ಪ್ರತಿ ತೆಗೆದು ಕೈಗಿಟ್ಟಳಂತೆ. ಇಷ್ಟೇ! ಇಷ್ಟಕ್ಕೆ ಹದಿನೈದು ದಿನ! ಲಮಾರಾ ಫೋನಿನಲ್ಲಿ ಅದರ ಫೋಟೋ ಹೊಡೆದು ನನಗೂ ಕಳಿಸಿದಳು. ಅದರಲ್ಲಿ ಅವಳ ಹೆಸರು, ಫಾರಂ ಹೆಸರು, ಕೆಲಸದ ಹೆಸರು, ಎಲ್ಲಾ ಇತ್ತು.

"ಈಗ ಸಮಾಧಾನವಾ ಅಕ್ಕ?" ಅಂದಳು.

"ಇಲ್ಲ. ಸಾಮಾಜಿಕ ವಿಮೆ ಕಚೇರಿಗೂ ಹೋಗಿ ನಿನ್ನ ಹೆಸರು ಹಚ್ಚಿದ್ದಾರಾ ಕೇಳು."

"ಅಯ್ಯೋ ಬಿಡಕ್ಕ!" ಅಂತ ಫೋನ್ ಇಟ್ಟಳು. ಹೋಗಲಿಲ್ಲ.

ಇನ್ನು ಅಣಬೆ ಫಾರಂ ಕೆಲಸ. ಕಿಟಕಿಯಿಲ್ಲದ ಉದ್ದ ಕೋಣೆ. ಗೋಡೆಯುದ್ದಕ್ಕೂ ಆರಾರು ಹಾಸಿನ ಕಬ್ಬಿಣದ ಅಟ್ಟಣಿಗೆ, ಹಾಸು ತುಂಬಾ ಕಪ್ಪು ಮಣ್ಣು, ಬಿಳಿ ತಲೆಗಳು. ಒಂದು ದಿನ ಕೀಳದೆ ಬಿಟ್ಟರೆ ಎರಡರಷ್ಟು ಉಬ್ಬಿ ಕೊಡೆ ಬಿಚ್ಚಿಕೊಳ್ಳುತ್ತವೆ, ಆಮೇಲೆ ಮಾರಾಟವಾಗುವುದಿಲ್ಲ. ಹಾಗಾಗಿ ಅಲ್ಲಿ ಯಾವಾಗಲೂ ಅವಸರ. ಮೇಲಿನ ಹಾಸುಗಳಿಗೆ ಅಟ್ಟಣಿಗೆಗೆ ಕೊಕ್ಕೆಯಿಂದ ನೇತುಹಾಕಿದ ತಳ್ಳುಹಲಗೆಯ ಮೇಲೆ ನಿಂತು ಕೀಳಬೇಕು. ಲಮಾರಾಳ ಹಲಗೆಯ ಒಂದು ಕೊಕ್ಕೆ ಬಿರುಕು ಬಿಟ್ಟಿತ್ತು. ಮೂರು ಸಲ ಹೇಳಿದ್ದಳು. "ನಾಳೆ ನೋಡೋಣ, ಬೇಗ ಬೇಗ ಕೀಳು," ಅಂದಿದ್ದ ಗೋಚಾ, ಮೂರೂ ಸಲ.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಕೊಕ್ಕೆ ಮುರಿಯಿತು. ಲಮಾರಾ ಐದನೇ ಹಾಸಿನ ಎತ್ತರದಿಂದ ಒದ್ದೆ ಸಿಮೆಂಟಿನ ಮೇಲೆ ಬಿದ್ದಳು. ಬಲಗೈ ಊರಿಕೊಂಡಳು. ಮಣಿಕಟ್ಟು ತಿರುಚಿಕೊಂಡು ನಿಂತಿತು.

ನನಗೆ ಫೋನ್ ಮಾಡಿದ್ದು ಯಾರು ಗೊತ್ತೇ? ತ್ಸಿಯಾಲಾ.

"ಎತೆರಿ, ಅವನು ಆಂಬುಲೆನ್ಸ್ ಕರೀಲಿಲ್ಲ ಕಣೆ. ತನ್ನ ಕಾರಲ್ಲೇ ಲಮಾರಾಳನ್ನ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದಾನೆ, ಡಾಕ್ಟರು ನೋಡ್ತಿದ್ದಾರೆ. ನಾನೂ ಹಿಂದೆ ಹತ್ತಿಕೊಂಡು ಬಂದೆ. ಹಾಸ್ಟೆಲ್ ಮೆಟ್ಟಿಲ ಮೇಲಿಂದ ಬಿದ್ದೆ ಅಂತ ಹೇಳು ಅಂತಿದ್ದಾನೆ. ಬೇಗ ಬಾರೆ!"

ನನ್ನ ಶಾಲೆಯ ಎದುರಿಗೇ ಆಸ್ಪತ್ರೆ. ಬಕೆಟ್ ಅಲ್ಲೇ ಬಿಟ್ಟು ಓಡಿದೆ.

ತುರ್ತು ವಿಭಾಗದ ಮೊಗಸಾಲೆಯಲ್ಲಿ ಲಮಾರಾ ಗಾಲಿಕುರ್ಚಿಯಲ್ಲಿದ್ದಳು, ಮುಖ ಅಣಬೆಯಷ್ಟೇ ಬಿಳಿ. ಕೈಗೆ ತಾತ್ಕಾಲಿಕ ಪಟ್ಟಿ ಕಟ್ಟಿದ್ದರು. ಮೂಳೆ ಎರಡು ಕಡೆ ಮುರಿದಿದೆ, ಶಸ್ತ್ರಚಿಕಿತ್ಸೆ ಬೇಕು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸದಿದ್ದರೆ ಬೆರಳು ಸೂಜಿ ಹಿಡಿಯುವುದಿಲ್ಲ ಅಂತ ಡಾಕ್ಟರು ಹೇಳಿಹೋಗಿದ್ದರು. ಸೂಜಿ ಹಿಡಿಯದ ದರ್ಜಿ! ಕೆಲಸದ ಜಾಗದಲ್ಲಿ ಬಿದ್ದದ್ದು ಅಂತಾದರೆ ಅಪಘಾತ ವಿಮೆ ಅವಳ ಹಿಂದೆ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಬಿದ್ದದ್ದು ಅಂತಾದರೆ ಅವಳ ಹಿಂದೆ ಗೋಡೆ ಮಾತ್ರ.

ಗೋಚಾ ನನ್ನನ್ನು ನೋಡಿ ಹಲ್ಲು ಕಡಿದ. "ಇವಳನ್ನ ಯಾರು ಕರೆದದ್ದು?"

"ನಾನು," ಅಂದಳು ತ್ಸಿಯಾಲಾ.

"ನೀನಾ ಅಕ್ಕ? ನನ್ನ ಮೇಜಲ್ಲಿ ಉಂಡವಳು?"

"ಉಂಡೆ. ಅದಕ್ಕೇ ಆರು ತಿಂಗಳು ಸುಮ್ನಿದ್ದೆ. ಮುರಿದ ಕೊಕ್ಕೇನ ತಿಪ್ಪೆಗೆ ಎಸೀರಿ ಅಂದ್ಯಲ್ಲ, ಎಸೆದಿಲ್ಲ." ಏಪ್ರನ್ ಜೇಬನ್ನು ತಟ್ಟಿ ತೋರಿಸಿದಳು. ಕಬ್ಬಿಣ ಅಲ್ಲಿ ಭಾರವಾಗಿ ಜೋತಿತ್ತು.

ಗೋಚಾ ದನಿ ತಗ್ಗಿಸಿದ. ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಮೂಗಿಗೆ ಹಿಡಿದ. "ಓದು, ಓದಿದವಳಲ್ವಾ ನೀನು." ಪೋಲಿಷ್‌ನಲ್ಲಿ ಟೈಪ್ ಮಾಡಿದ್ದ ಪತ್ರ. "ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ." ತಾರೀಕು ಮಾತ್ರ ಪೆನ್ನಿನಲ್ಲಿ ಬರೆದದ್ದು, ಕಳೆದ ಶುಕ್ರವಾರದ್ದು. ಕೆಳಗೆ ಲಮಾರಾಳ ಸಹಿ, ಆ ಭಾನುವಾರ ದ್ರಾಕ್ಷಾರಸದ ಲೋಟದ ಪಕ್ಕ ಕೂತು ಹಾಕಿದ್ದು. ಒಂದು ಮೂಲೆಯಲ್ಲಿ ಕೆಂಪು ಕಲೆ ಕೂಡ ಹಾಗೇ ಇತ್ತು.

ಲಮಾರಾಳಿಗೆ ಓದಿ ಹೇಳಿದೆ. ಅವಳು ಆ ಕಲೆಯನ್ನೇ ನೋಡುತ್ತಾ ಕೂತಳು.

ಕಥೆಯನ್ನು ಇಲ್ಲಿ ನಿಲ್ಲಿಸಿ ನಿಮ್ಮ ಜೊತೆ ಮಾತಾಡಬೇಕು. ಹೌದು, ಓದುತ್ತಿರುವ ನಿಮ್ಮ ಜೊತೆಯೇ. ನಾಳೆ ಪೋಲೆಂಡಿಗೆ ಹೊರಡುವವರು ನೀವಿರಬಹುದು, ನಿಮ್ಮ ತಂಗಿಯಿರಬಹುದು, ಓದಲು ಬಂದು ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ನಿಮ್ಮ ಮಗನಿರಬಹುದು. ನಿಮ್ಮ ಮೇಸ್ತ್ರಿ ನಿಮ್ಮ ಊರಿನವನೇ ಆಗಿರುತ್ತಾನೆ, ನಿಮ್ಮ ಭಾಷೆಯಲ್ಲೇ ಅಣ್ಣಾ ಅಕ್ಕಾ ಅನ್ನುತ್ತಾನೆ, ನಿಮ್ಮ ದೇವರಿಗೇ ಕೈಮುಗಿಯುತ್ತಾನೆ. ಉಣ್ಣಿ, ಬೇಡ ಅನ್ನುವುದಿಲ್ಲ. ಉಂಡ ಕೈಯಲ್ಲಿ ಪಾಸ್‌ಪೋರ್ಟ್ ಎತ್ತಿ ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ಕೇಳಿ. ಕೊಡದಿದ್ದರೆ ಪೊಲೀಸರಿಗೆ ಹೇಳಿ, ನಿಮ್ಮ ದೇಶದ ರಾಯಭಾರ ಕಚೇರಿಗೆ ಹೇಳಿ. ಖಾಲಿ ಹಾಳೆಗೆ ನಿಮ್ಮಪ್ಪ ಬಂದು ಹೇಳಿದರೂ ಸಹಿ ಹಾಕಬೇಡಿ. ಕರಾರು ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬೇಕು ಅನ್ನಿ, ಅದು ನೀವು ಬೇಡುವ ಭಿಕ್ಷೆಯಲ್ಲ. ಪರವಾನಗಿಯ ಪ್ರತಿ ಇಟ್ಟುಕೊಳ್ಳಿ, ಅದರಲ್ಲಿ ಬರೆದ ಜಾಗದಲ್ಲೇ, ಬರೆದ ಕೆಲಸವನ್ನೇ ಮಾಡುತ್ತಿದ್ದೀರಾ ನೋಡಿಕೊಳ್ಳಿ. ವಿಮೆ ಕಚೇರಿಗೆ ಒಂದು ಸಲ ಹೋಗಿ ನಿಮ್ಮ ಹೆಸರಿದೆಯಾ ವಿಚಾರಿಸಿ. ಪೆಟ್ಟಾದರೆ ತುರ್ತು ಸಂಖ್ಯೆ ನೂರಾ ಹನ್ನೆರಡಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ, ನಿಮ್ಮ ಮಾತನ್ನು ಮೇಸ್ತ್ರಿಯ ಬಾಯಿಂದ ಹೇಳಿಸಬೇಡಿ. ಕಾರ್ಮಿಕ ತಪಾಸಣೆ ಇಲಾಖೆ ಅಂತ ಒಂದಿದೆ, ದೂರು ಕೊಟ್ಟವರ ಹೆಸರನ್ನು ಅವರು ಮಾಲೀಕನಿಗೆ ಹೇಳುವಂತಿಲ್ಲ. ಸಲಹೆ ಕೇಳಲು ಕಾಸು ಕೊಡಬೇಕಾಗಿಲ್ಲ. ಇದನ್ನೆಲ್ಲ ನಾನು ವರ್ಷಗಟ್ಟಲೆಯಿಂದ ಹೇಳುತ್ತಿದ್ದೇನೆ. ಒಬ್ಬರ ಕೈ ಮುರಿದ ಮೇಲೆ ಹೇಳುವುದು ನನಗೆ ಸಾಕಾಗಿದೆ.

ಅಷ್ಟರಲ್ಲಿ ನರ್ಸ್ ಕಾಗದ ಹಿಡಿದು ಬಂದಳು. "ಲಮಾರಾ ಅವರೇ, ಎಲ್ಲಿ ಬಿದ್ದಿರಿ?" ಅಂತ ಪೋಲಿಷ್‌ನಲ್ಲಿ ಕೇಳಿದಳು.

"ಮೆಟ್ಟಿಲ ಮೇಲೆ," ಅಂದ ಗೋಚಾ.

"ನಾನು ಕೇಳಿದ್ದು ಈ ಹೆಂಗಸನ್ನು," ಅಂದಳು ನರ್ಸ್. ನನ್ನ ಕಡೆ ತಿರುಗಿ, "ನಿಮಗೆ ಇವರ ಭಾಷೆ ಬರುತ್ತಾ? ಕೇಳಿ ಹೇಳಿ," ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಗೋಚಾ ಲಮಾರಾಳ ಮುಂದೆ ಮಂಡಿಯೂರಿ ಕೂತ. ಎಡಗೈಯಲ್ಲಿ ಅವಳ ಪಾಸ್‌ಪೋರ್ಟ್. ಆರು ತಿಂಗಳ ಮೇಲೆ ಅವಳು ಅದನ್ನು ನೋಡಿದ್ದು ಆಗಲೇ. ಬಲಗೈಯಲ್ಲಿ ಇನ್ನೊಂದು ಹಾಳೆ, ಈ ಸಲ ಪೂರ್ತಿ ಬರೆದದ್ದು.

"ಮೆಟ್ಟಿಲ ಮೇಲೆ ಬಿದ್ದೆ, ಯಾರ ಮೇಲೂ ದೂರಿಲ್ಲ ಅಂತ ಬರೆದಿದ್ದೀನಿ, ಅಷ್ಟೇ," ಅಂದ ಜೇನಿನಂಥ ದನಿಯಲ್ಲಿ. "ಸಹಿ ಹಾಕು ತಂಗಿ, ಪಾಸ್‌ಪೋರ್ಟ್ ತಗೋ. ಹಾಕಲ್ಲ ಅಂದ್ರೆ ಶುಕ್ರವಾರದ ಕಾಗದ ಇದೆ. ಇವತ್ತು ನೀನು ಅಲ್ಲಿ ಕೆಲಸಕ್ಕೇ ಇರಲಿಲ್ಲ. ಯಾರು ನಂಬ್ತಾರೆ ನಿನ್ನ? ನಿನ್ನ ಅಮ್ಮನ ಹೆಸರಲ್ಲಿ ಲೋಟ ಎತ್ತಿದವನು ನಾನು."

"ಅಣ್ಣ, ನನ್ನ ಅಮ್ಮನ ಹೆಸರೇನು?" ಅಂದಳು ಲಮಾರಾ.

ಗೋಚಾ ತ್ಸಿಯಾಲಾಳ ಕಡೆ ನೋಡಿದ. ತ್ಸಿಯಾಲಾ ಹೇಳಿಕೊಡಲಿಲ್ಲ.

ಲಮಾರಾ ಎಡಗೈಯಿಂದ ಫೋನ್ ತೆಗೆದು, ಪರವಾನಗಿಯ ಫೋಟೋ ಹುಡುಕಿ ನರ್ಸ್ ಕಡೆ ಚಾಚಿದಳು. ಫಾರಂನ ಹೆಸರಿನ ಮೇಲೆ ಹೆಬ್ಬೆರಳು ಇಟ್ಟಳು. ನರ್ಸ್ ಫೋನ್ ಇಸಕೊಂಡು ಓದತೊಡಗಿದಳು. ತ್ಸಿಯಾಲಾ ಮುರಿದ ಕೊಕ್ಕೆಯನ್ನು ಠಣ್ ಅಂತ ಪಕ್ಕದ ಮೇಜಿನ ಮೇಲಿಟ್ಟಳು.

"ಬಲಗೈ ಆಗಲ್ಲ ಅಂದ್ರೆ ಎಡಗೈಲಿ ಗೀಚು ಸಾಕು," ಗೋಚಾ ಪೆನ್ನನ್ನು ಅವಳ ಬೆರಳುಗಳ ನಡುವೆ ತುರುಕಲು ನೋಡಿದ. "ಹಾಕೇ ಸಹಿ!"

ಲಮಾರಾ ಎಡಗೈಯನ್ನು ಮುಷ್ಟಿ ಮಾಡಿಕೊಂಡಳು.

"ಹಾಕಲ್ಲ."