ಬರಿಹೊಟ್ಟೆಯ ಲೆಕ್ಕ

ತನ್ನ ಹೊಟ್ಟೆ ಚೌಕಾಕಾರದ್ದು ಎಂಬುದು ಲಕ್ಷ್ಮಿಗೆ ಗೊತ್ತಾದದ್ದು ಎರಡು ಸಾವಿರದ ನಾಲ್ಕರಲ್ಲಿ, ಅಣ್ಣನ ಮಗಳು ಅಭಿಜ್ಞಾ ಹುಬ್ಬಳ್ಳಿಯಿಂದ ತನ್ನ ಗೈಡಿನ ಲ್ಯಾಪ್‌ಟಾಪ್ ತಂದು ಶಿರಸಿಯ ಮನೆಯ ಮೇಜಿನ ಮೇಲೆ ಬಿಚ್ಚಿದಾಗ. ಹೊಟ್ಟೆ ಒಂದು ಚೌಕ, ಕರುಳು ಇನ್ನೊಂದು, ರಕ್ತ ಮತ್ತೊಂದು, ನಡುವೆ ಬಾಣಗಳು. ತಿಂದದ್ದು ಕುಡಿದದ್ದು ಯಾವ ಗುಳಿಗೆಯನ್ನು ಎಷ್ಟರಮಟ್ಟಿಗೆ ರಕ್ತಕ್ಕೆ ಬಿಡುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ಹೇಳುವುದು ಅಭಿಜ್ಞಾಳ ಪಿಎಚ್‌ಡಿ. ಥೈರಾಯ್ಡಿನ ಗುಳಿಗೆ ನುಂಗಿದರೂ ಅತ್ತೆ ಲಕ್ಷ್ಮಿಯ ಮುಖದ ಬಾವು ಇಳಿಯುತ್ತಿರಲಿಲ್ಲ, ಕೂತಲ್ಲೇ ತೂಕಡಿಕೆ. ಹಾಗಾಗಿ ಅತ್ತೆಯನ್ನೇ ಚೌಕಗಳೊಳಗೆ ಇಳಿಸಿದ್ದಳು.

"ಗುಳಿಗೆ ತಗಂಡಮೇಲೆ ಎಂತ ತಿಂತೆ?"

"ಎಂತದೂ ಇಲ್ಲೆ. ಒಂದು ತಾಸು ಚಾ ಸೈತ ಬ್ಯಾಡ ಹೇಳಿದ್ದ ಡಾಕ್ಟ್ರು."

ರಕ್ತಕ್ಕೆ ಎಷ್ಟು ಗುಳಿಗೆ ಸೇರಬೇಕೆಂದು ಕಂಪ್ಯೂಟರು ಗೆರೆ ಎಳೆಯಿತು. ಗೆರೆ ಸೊಗಸಾಗಿ ಏರಿತು. ರಕ್ತಪರೀಕ್ಷೆಯ ಅಂಕಿ ಅದರ ಹತ್ತಿರವೂ ಸುಳಿಯುವಂತಿರಲಿಲ್ಲ. ಲಕ್ಷ್ಮಿಯ ಗಂಡ ನಾಗಪತಿ ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗೆರೆಗಳ ಮೇಲಿನ ಅವರ ವಿಶ್ವಾಸ ಮದುವೆಗಿಂತ ಹಳೆಯದು.

"ಹಂಗಾರೆ ಇದು ಗುಳಿಗೆ ನುಂಗ್ತಾ ಇಲ್ಲೆ," ಎಂದರು ಹೆಂಡತಿಯತ್ತ ಕೈ ತೋರಿಸಿ.

"ಮರೆತು ಹೋಗ್ತೇನ," ಎಂದು ಅಭಿಜ್ಞಾ ಮೆತ್ತಗೆ ತಿದ್ದಿದಳು.

ಆ ತಿದ್ದುಪಡಿ ಇನ್ನೂ ಕೆಟ್ಟದ್ದಾಯಿತು. ಸುಳ್ಳು ಎಂದರೆ ಜಗಳವಾಡಬಹುದು. ಮರೆವು ಎಂದರೆ ಜಗಳಕ್ಕೂ ಜಾಗವಿಲ್ಲ. ಅಭಿಜ್ಞಾ ಕಾಳಜಿಯಿಂದಲೇ ಸಿದ್ದಾಪುರದಲ್ಲಿದ್ದ ಲಕ್ಷ್ಮಿಯ ತಂಗಿ ಪರಿಮಳಾಗೂ ಯಲ್ಲಾಪುರದ ನಾದಿನಿಯ ಮನೆಗೂ ಫೋನು ಮಾಡಿ, ಅತ್ತೆಗೆ ನೆಪ್ಪು ಮಾಡಿಕೊಡುತ್ತಿರಿ ಎಂದಳು. ಮರುದಿನವೇ ಯಲ್ಲಾಪುರದಿಂದ ನಾದಿನಿಯ ಫೋನು: "ಆನು ಯಾರು, ಹೇಳು ನೋಡನ?"

ಲಕ್ಷ್ಮಿಗೆ ತನ್ನ ಮೇಲೇ ಅನುಮಾನ ಹತ್ತಿತು. ಸಾರಿಗೆ ಉಪ್ಪು ಹಾಕಿದ್ದು ನೆನಪಿರುವುದಿಲ್ಲ, ಅದು ನಿಜ. ನಾಲಗೆಯ ಮೇಲಿರುವುದು ಇವತ್ತಿನ ಗುಳಿಗೆಯ ರುಚಿಯೋ, ನಿನ್ನೆಯದರ ನೆನಪೋ? ಕೊನೆಗೆ ಅವಳೇ ಗಂಡನನ್ನು ಸಾಕ್ಷಿಗೆ ಕೂರಿಸಿಕೊಂಡಳು. ಮುಂದಿನ ಪರೀಕ್ಷೆಯವರೆಗೂ ದಿನಾ ಬೆಳಿಗ್ಗೆ ಅವರೆದುರೇ ನುಂಗಿದಳು. ಅಂಕಿ ಅಲುಗಲಿಲ್ಲ. ಕಂಪ್ಯೂಟರಿನ ಪ್ರಕಾರ ಈಗ ಮೇಷ್ಟ್ರೂ ಸುಳ್ಳುಗಾರರಾದರು.

ಅಭಿಜ್ಞಾ ಮತ್ತೆ ಬಂದಳು. ಬೆಳಿಗ್ಗೆ ಎದ್ದು ತಾನೂ ಪಕ್ಕದಲ್ಲಿ ಕೂತಳು. ಅತ್ತೆ ಗುಳಿಗೆ ನುಂಗಿದಳು, ನೀರು ಕುಡಿದಳು. ಮೇಷ್ಟ್ರು ವೀಳ್ಯದೆಲೆಗೆ ಧಾರಾಳವಾಗಿ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ಹೆಂಡತಿಯ ಕೈಗಿತ್ತರು.

"ಮಾವ, ಅದೆಂತದು?"

"ಕವಳ. ಚಾ ಇಲ್ದೆ ಒಂದು ತಾಸು ಹ್ಯಾಂಗೆ ಕೂರವು? ಪಾಪ ಹೇಳಿ ಆನೇ ಮಾಡ್ಕೊಡ್ತೆ."

"ಬರಿಹೊಟ್ಟೆ ಹೇಳಿದ್ರಲ್ಲ?"

"ಕವಳ ತಿಂದ್ರೆ ಹೊಟ್ಟೆ ತುಂಬ್ತನೆ?" ಎಂದಳು ಲಕ್ಷ್ಮಿ, ರಸ ನುಂಗುತ್ತ.

ಅಭಿಜ್ಞಾಳ ಚೌಕಗಳಲ್ಲಿ ದೋಸೆಯಿತ್ತು, ತುಪ್ಪವಿತ್ತು, ಹಾಲಿತ್ತು. ಹುಟ್ಟಿದಾಗಿನಿಂದ ನೋಡಿದ ಕವಳ ಇರಲಿಲ್ಲ. ಸುಣ್ಣ ಆ ಗುಳಿಗೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ಅವಳು ಲ್ಯಾಪ್‌ಟಾಪಿಗೆ ಸುಣ್ಣವನ್ನೂ ತಿಳಿಸಿದಳು. ಏರಿದ್ದ ಗೆರೆ ಜಾರಿ, ರಕ್ತಪರೀಕ್ಷೆಯ ಅಂಕಿಯ ಪಕ್ಕಕ್ಕೇ ಬಂದು ನಿಂತಿತು.

"ಸರಿ ಬಂತು," ಎಂದು ಮೇಷ್ಟ್ರು ತೊಡೆ ತಟ್ಟಿದರು.

ಲಕ್ಷ್ಮಿ ಕವಳ ಉಗುಳಿ ಬಂದಳು. "ಫೋನು ಮಾಡು. ಎಲ್ಲೆಲ್ಲಿ ಹೇಳಿದ್ಯೋ ಅಲ್ಲೆಲ್ಲ."

ಮೊದಲು ಸಿದ್ದಾಪುರ. ಅತ್ತೆಯ ತಪ್ಪಲ್ಲ, ತನ್ನ ಲೆಕ್ಕವೇ ತಪ್ಪು ಎಂದು ಅಭಿಜ್ಞಾ ಬಿಡಿಸಿ ಹೇಳಿದಳು. ಪರಿಮಳಾಳ ದನಿ ರಿಸೀವರಿನೊಳಗೆ ನಿಲ್ಲುವಂಥದಲ್ಲ.

"ಹೌದೇ ಕೂಸೇ, ನೀ ಹಾಂಗೇ ಹೇಳವು. ಅಕ್ಕನ ಮರ್ಯಾದೆ ಕಾಯವಲ್ದಾ. ಒಂದೆಲಗದ ತಂಬ್ಳಿ ಮಾಡಿ ಹಾಕು, ನೆಪ್ಪಿಗೆ ಒಳ್ಳೇದು."

ಅಭಿಜ್ಞಾ ರಿಸೀವರು ಇಟ್ಟಳು. "ಯಲ್ಲಾಪುರಕ್ಕೂ ಮಾಡ್ಲನೇ ಅತ್ತೆ?"

"ಮಾಡು. ನಂಬರು ಆನು ಹೇಳ್ತೆ."

ಫೋನು ನಂಬರಿನ ಪುಸ್ತಕ ತೆಗೆಯಲು ಹೊರಟ ಮೇಷ್ಟ್ರನ್ನು ಕಣ್ಣಲ್ಲೇ ಕೂರಿಸಿ, ಲಕ್ಷ್ಮಿ ಗೋಡೆ ನೋಡುತ್ತ ಅಂಕಿ ಹೇಳತೊಡಗಿದಳು. ನಿಧಾನವಾಗಿ, ಒಂದೊಂದೇ. ಅಭಿಜ್ಞಾ ಒತ್ತುತ್ತ ಹೋದಳು. ಕೊನೆಯ ಅಂಕಿಗೆ ಲಕ್ಷ್ಮಿ ನಿಂತಳು. ಮೇಷ್ಟ್ರು ಬಾಯಿ ತೆರೆದರು. ಅವಳು ಗೋಡೆಯಿಂದ ಕಣ್ಣು ತೆಗೆಯದೆ ಕೈಯೆತ್ತಿ ಅವರನ್ನು ತಡೆದಳು.