ಆಟೋಕ್ಲೇವ್ ಮಾಡಿದ ಅರಿಶಿನ

ನಾಸಿಕದ ಅಂಬಡ್ ಎಂಐಡಿಸಿಯಲ್ಲಿ ಖಂಡೇನವಮಿಯ ದಿನ ಆಯುಧಪೂಜೆ ತಪ್ಪಿಸಿಕೊಳ್ಳುವ ಯಂತ್ರವಿಲ್ಲ. ಲೇತಿಗೆ ಚೆಂಡುಹೂವು, ಫೋರ್ಕ್‌ಲಿಫ್ಟಿಗೆ ಕುಂಬಳಕಾಯಿ, ಹಾಜರಿ ತೆಗೆದುಕೊಳ್ಳುವ ಬೆರಳಚ್ಚಿನ ಡಬ್ಬಿಗೂ ಕುಂಕುಮ. ಮರುದಿನ ಆ ಡಬ್ಬಿ ಯಾರ ಬೆರಳನ್ನೂ ಗುರುತಿಸದೆ ಇಡೀ ಪಾಳಿಯನ್ನು ಗೈರುಹಾಜರು ಮಾಡುತ್ತದೆ. ಇಷ್ಟು ದೊಡ್ಡ ಕೈಗಾರಿಕಾ ಪ್ರದೇಶದಲ್ಲಿ ಆ ವರ್ಷ ಕುಂಕುಮ ಕಾಣದೆ ಉಳಿಯಬೇಕಾಗಿದ್ದದ್ದು ಒಂದೇ ಜಾಗ: ಸುಮಂಗಲಾ ಮೇಲ್ವಿಚಾರಕಿಯಾಗಿದ್ದ ಬಾಳೆಸಸಿಯ ಲ್ಯಾಬು.

ಆ ಲ್ಯಾಬಿನಲ್ಲಿ ಮಣ್ಣಿಲ್ಲ, ಬಿಸಿಲಿಲ್ಲ. ರೋಗವಿಲ್ಲದ ಬಾಳೆಯ ಕಂದಿನಿಂದ ಉಗುರಿನಷ್ಟು ಸುಳಿ ಕತ್ತರಿಸಿ, ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ಜೆಲ್ಲಿಯ ಬಾಟಲಿಯಲ್ಲಿ ಕೂರಿಸಿದರೆ ತಿಂಗಳೊಪ್ಪತ್ತಿನಲ್ಲಿ ಅದು ಮೂರೋ ನಾಲ್ಕೋ ಆಗುತ್ತದೆ. ಅವನ್ನು ಬಿಡಿಸಿ ಮತ್ತೆ ಕತ್ತರಿಸಬೇಕು, ಮತ್ತೆ ಕೂರಿಸಬೇಕು. ವರ್ಷ ತುಂಬುವುದರೊಳಗೆ ಒಂದೇ ತಾಯಿಗೆ ಸಾವಿರಾರು ಮಕ್ಕಳು, ಒಂದರ ಮುಖ ಇನ್ನೊಂದರಂತೆ. ಷರತ್ತು ಒಂದೇ: ಬಾಟಲಿಯೊಳಗೆ ಬೇರೆ ಜೀವ ಹೋಗಕೂಡದು. ಒಂದು ಬ್ಯಾಕ್ಟೀರಿಯಾ ನುಸುಳಿದರೂ ಆ ಸಿಹಿ ಜೆಲ್ಲಿ ಅದಕ್ಕೆ ಮದುವೆಯೂಟ, ಸಸಿಗೆ ತಿಥಿ. ಅದಕ್ಕೇ ಕತ್ತರಿಸುವ ಕೆಲಸವೆಲ್ಲ ಸೋಸಿದ ಗಾಳಿ ಬೀಸುವ ಸ್ಟೀಲಿನ ಗೂಡುಗಳಲ್ಲಿ. ಅವನ್ನು ಹುಡ್ ಎನ್ನುತ್ತಾರೆ. ಅಲ್ಲಿಗೆ ಹೋಗುವ ಚಾಕು, ಚಿಮಟ, ಬಾಟಲಿಗಳನ್ನೆಲ್ಲ ಮೊದಲು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುತ್ತಾರೆ. ಲ್ಯಾಬಿನಲ್ಲಿ ಐದು ಹುಡ್‌ಗಳಿದ್ದವು.

ಭಾಲ್ಕಿಯ ಸುಮಂಗಲಾ ಕಲಬುರಗಿಯಲ್ಲಿ ಎಂಎಸ್ಸಿ ಮಾಡಿದವಳು. ಹಬ್ಬಕ್ಕೆ ವಾರವಿರುವಾಗಲೇ ಬಾಗಿಲಿಗೆ ಮೂರು ಭಾಷೆಯಲ್ಲಿ ಚೀಟಿ ಅಂಟಿಸಿದ್ದಳು: "ಒಳಗೆ ಹೂವು, ಅರಿಶಿನ, ಕುಂಕುಮ, ಕಾಯಿ, ಕರ್ಪೂರ, ದೇವರು ನಿಷಿದ್ಧ."

"ಹಬ್ಬದ್ ದಿನಾ ಮಷೀನಿಗೆ ಏನೂ ಮಾಡ್ದs ಬಿಡೂದೇನ್ರಿ ಮೇಡಂ?" ಎಂದು ಕೇಳಿದವಳು ಪ್ರೇಮಾಬಾಯಿ. ಅಫಜಲಪುರದ ಕಡೆಯವಳು. ಗಂಡ ಯಲ್ಲಾಲಿಂಗ ನಾಸಿಕದ ಹೊಸ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುತ್ತಾನೆ. ಅವಳೂ ಆರು ವರ್ಷದ ಹಿಂದಿನವರೆಗೆ ಅಲ್ಲೇ ಇಟ್ಟಂಗಿ ಹೊತ್ತವಳು. ಇವತ್ತು ಲ್ಯಾಬಿನಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಒಂದು ಪಾಳಿಗೆ ಎಂಟುನೂರು ಸುಳಿ ಬಿಡಿಸುತ್ತಾಳೆ, ಒಂದೂ ಕೆಡುವುದಿಲ್ಲ.

"ಮಷೀನಿಗೆ ಸರ್ವಿಸಿಂಗ್ ಮಾಡಸ್ರಿ, ಅದs ಅದರ ಪೂಜಿ," ಎಂದಳು ಸುಮಂಗಲಾ.

ಹಬ್ಬ ಕಳೆದು ಹನ್ನೆರಡು ದಿನಕ್ಕೆ ಬಾಟಲಿಗಳಲ್ಲಿ ಸಸಿಯ ಬುಡದ ಸುತ್ತ ಹಾಲಿನಂಥ ಉಂಗುರ ಕಾಣಿಸಿತು. ಮೊದಲ ದಿನ ನಲವತ್ತು ಬಾಟಲಿ, ಮೂರನೆಯ ದಿನಕ್ಕೆ ಒಂಬೈನೂರು. ಪೈಠಣದ ಕಡೆಯ ರೈತರ ಕಂಪನಿಯೊಂದಕ್ಕೆ ಹೋಗಬೇಕಾಗಿದ್ದ ತಳಿಯೇ ಅದು. ಸುಮಂಗಲಾ ಸಿಸಿಟಿವಿ ಹಿಂದಕ್ಕೆ ಓಡಿಸಿದಳು. ಖಂಡೇನವಮಿ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ: ಪ್ರೇಮಾಬಾಯಿ ಒಂದೊಂದೇ ಹುಡ್ಡಿನ ಮುಂದೆ ನಿಂತು, ಏನನ್ನೋ ಹಚ್ಚಿ ಕೈಮುಗಿಯುತ್ತಿದ್ದಾಳೆ.

ಸುಮಂಗಲಾಳ ಕೈ ಕೊರಳಿಗೆ ಹೋಯಿತು. ಅಲ್ಲಿಂದ ಫೋನಿಗೆ ಬಂತು. ವಿಡಿಯೊ ಕತ್ತರಿಸಿ, "ಕಾರಣ ಸಿಕ್ಕಿದೆ" ಎಂದು ಬರೆದು, ಛತ್ರಪತಿ ಸಂಭಾಜಿನಗರದಲ್ಲಿದ್ದ ಮಾಲೀಕ ರವಿಕಾಂತ ಶೇಠ್‌ಗೆ ಕಳಿಸಿಬಿಟ್ಟಳು. ಐದೇ ನಿಮಿಷಕ್ಕೆ ಉತ್ತರ: "ನಾಳೆ ಇಬ್ಬರೂ ಹೆಡ್ ಆಫೀಸಿಗೆ ಬರ್ರಿ. ಆಕೀದು ಹಿಸಾಬ್ ಮುಗಸೋಣು."

ಆಮೇಲೆ ಪ್ರೇಮಾಬಾಯಿಯನ್ನು ಕರೆದು ಕೇಳಿದಳು. ನಾವು ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿ ಅದಕ್ಕೆ ವಿಚಾರಣೆ ಎನ್ನುತ್ತೇವೆ.

"ಹೌದ್ರಿ, ಹಚ್ಚೇನಿ," ಎಂದಳು ಪ್ರೇಮಾಬಾಯಿ. "ಆದ್ರ ಹಂಗs ಹಚ್ಚಿಲ್ರಿ. ಅರಿಶಿಣ, ಕುಂಕುಮ ಎರಡೂ ಬ್ರೌನ್ ಪೇಪರದಾಗ ಕಟ್ಟಿ ಆಟೋಕ್ಲೇವ್ ಮಾಡೇನಿ. ನೂರಾ ಇಪ್ಪತ್ತೊಂದು ಡಿಗ್ರಿ. ಒಂದ್ ಸಲ ಇಪ್ಪತ್ತ್ ಮಿನಿಟ್, ಸಮಾಧಾನಾಗ್ಲಿಲ್ಲ, ಇನ್ನೊಂದ್ ಸಲ. ಹೊರಗಿನ ಸ್ಟೀಲಿಗೆ ಹಚ್ಚೇನಿ, ಅದೂ ಬೆಂಕ್ಯಾಗ ಕಾಸಿದ್ ಚಿಮಟೀಲೆ."

"ಹೂವು?"

"ಹೂವ ಆಟೋಕ್ಲೇವ್ ಮಾಡಿದ್ರ ಪಲ್ಲೆ ಆಗ್ತದ್ರಿ. ಅದಕ್ಕ ಬಿಟ್ಟೆ."

ಸುಮಂಗಲಾಗೆ ನಗು ಬರಬೇಕಿತ್ತು, ಬರಲಿಲ್ಲ. ಆ ವಿಧಾನದಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಅದು ತಾನೇ ಕಲಿಸಿದ ವಿಧಾನ. ಹುಡ್‌ಗಳ ಕೆಳ ಅಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ ಇನ್ನೂ ಉಳಿದಿದ್ದ ಕುಂಕುಮದ ಚುಕ್ಕೆಗಳನ್ನು ಹತ್ತಿಯಿಂದ ಒರೆಸಿ, ಅದನ್ನು ಪೆಟ್ರಿ ತಟ್ಟೆಯ ಜೆಲ್ಲಿಗೆ ಸವರಿ ಬೆಚ್ಚಗಿಟ್ಟಳು; ಜೀವವಿದ್ದರೆ ಬೆಳಗಾಗುವಷ್ಟರಲ್ಲಿ ಬೆಳೆದು ಕಾಣುತ್ತದೆ. ಕೆಟ್ಟ ಬಾಟಲಿಗಳನ್ನು ಆಗ ಎಣಿಸಲು ಕೂತಳು. ಪ್ರತಿ ಮುಚ್ಚಳದ ಮೇಲೂ ಕತ್ತರಿಸಿದವರ ಹೆಸರಿನ ಮೊದಲ ಅಕ್ಷರ ಮಾರ್ಕರಿನಲ್ಲಿರುತ್ತದೆ. ಒಂಬೈನೂರ ಹನ್ನೆರಡರಲ್ಲಿ "ಪ್ರೇ" ಒಂದೂ ಇರಲಿಲ್ಲ. ಇಪ್ಪತ್ತೊಂದು ಇತರರವು. ಉಳಿದ ಎಂಟುನೂರ ತೊಂಬತ್ತೊಂದರ ಮೇಲೂ ದುಂಡಗೆ ಬರೆದ "ಸು".

ಹಬ್ಬಕ್ಕೆ ಇಬ್ಬರು ರಜೆ ಹಾಕಿದ್ದರಿಂದ ನಾಲ್ಕನೆಯ ಹುಡ್‌ನಲ್ಲಿ ಮೂರು ದಿನ ತಾನೇ ಕೂತಿದ್ದಳು.

ಮತ್ತೆ ಸಿಸಿಟಿವಿ. ಈ ಸಲ ನಾಲ್ಕನೆಯ ಹುಡ್. ತನ್ನನ್ನೇ ದುಪ್ಪಟ್ಟು ವೇಗದಲ್ಲಿ ನೋಡಿದಳು. ಪರದೆಯ ಸುಮಂಗಲಾ ಸ್ಪಿರಿಟ್‌ನಿಂದ ಕೈ ಒರೆಸುತ್ತಾಳೆ, ಸುಳಿ ಕತ್ತರಿಸುತ್ತಾಳೆ, ನಡುವೆ ಏನೋ ಲೆಕ್ಕ ಹಾಕುವವಳಂತೆ ನಿಂತು ಎಡಗೈ ಬೆರಳನ್ನು ಏಪ್ರನ್ನಿನ ಕಾಲರಿನೊಳಗೆ ತೂರಿಸುತ್ತಾಳೆ, ಮತ್ತೆ ಸುಳಿ ಹಿಡಿಯುತ್ತಾಳೆ. ಒಂದು ಗಂಟೆಯಲ್ಲಿ ಮೂವತ್ತೊಂದು ಸಲ. ಕಾಲರಿನೊಳಗೆ ಇದ್ದದ್ದು ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಮೈಯಿಂದ ತೆಗೆಯುವಂಥದ್ದಲ್ಲ. ದಿನಾ ಬೆಳಗ್ಗೆ ಒದ್ದೆ ಬೆರಳಲ್ಲಿ ವಿಭೂತಿ ಹಚ್ಚಿ ಪೂಜಿಸುವುದು ಅವಳಿಗೆ ಭಕ್ತಿಯಲ್ಲ, ಹಲ್ಲುಜ್ಜುವ ಹಾಗೊಂದು ರೂಢಿ. ರೂಢಿಯಾದ್ದರಿಂದಲೇ ಚೀಟಿ ಬರೆಯುವಾಗ ಅದು ನೆನಪಿಗೇ ಬಂದಿರಲಿಲ್ಲ. ಲಿಂಗ ಕಟ್ಟಿದ್ದ, ವರ್ಷಗಳ ಬೆವರು, ಬೂದಿ ಕುಡಿದ ಶಿವದಾರವನ್ನು ಹತ್ತಿಯಿಂದ ಒರೆಸಿ ಇನ್ನೊಂದು ತಟ್ಟೆಗೆ ಸವರಿದಳು.

ಬೆಳಗ್ಗೆ ಮೊದಲ ತಟ್ಟೆ ಖಾಲಿ. ಎರಡನೆಯದರಲ್ಲಿ ಸುಕ್ಕುಸುಕ್ಕಾದ ಬಿಳಿ ಬ್ಯಾಸಿಲಸ್, ಅಂಚಿನಿಂದ ಅಂಚಿಗೆ, ಬಾಟಲಿಯಲ್ಲಿದ್ದಂಥದ್ದೇ. ಅದರ ಬೀಜಕಗಳು ಸ್ಪಿರಿಟ್ಟಿಗೆ ಸಾಯುವುದಿಲ್ಲ. ಮಾರ್ಕರಿನ ಅಕ್ಷರ ಮಾತ್ರ ಸಾಯುತ್ತದೆ, ಒಂದೇ ಒರೆತಕ್ಕೆ. ಸ್ಪಿರಿಟ್ ಬಾಟಲಿ ಮೇಜಿನ ಮೇಲೇ ಇತ್ತು. ಸುಮಂಗಲಾ ಅದನ್ನು ಎತ್ತಿಕೊಂಡಳು, ಎಂಟುನೂರ ತೊಂಬತ್ತೊಂದು ಮುಚ್ಚಳಗಳ ಕಡೆ ನೋಡಿದಳು, ಒಂದು "ಸು"ವನ್ನು ಅಳಿಸಿಯೂ ಬಿಟ್ಟಳು. ಎರಡನೆಯದಕ್ಕೆ ಕೈ ಏಳಲಿಲ್ಲ. ಅಳಿಸಿದ ಅಕ್ಷರವನ್ನು ಮತ್ತೆ ಬರೆದು, ಎರಡೂ ತಟ್ಟೆಗಳಿಗೆ ಟೇಪು ಸುತ್ತಿ ಚೀಲಕ್ಕೆ ಹಾಕಿದಳು.

ಸಂಭಾಜಿನಗರದ ಕೆಂಪು ಬಸ್ಸಿನಲ್ಲಿ ಇಬ್ಬರದೂ ಹೆಂಗಸರ ಅರ್ಧ ಟಿಕೆಟು. ಊರಿನ ಹೆಸರು ಬದಲಾಗಿದೆ, ಸೀಟಿನ ಸ್ಪ್ರಿಂಗು ಬದಲಾಗಿಲ್ಲ. ಯೇವಲೆಯವರೆಗೆ ಪ್ರೇಮಾಬಾಯಿ ಕಿಟಕಿಯ ಹೊರಗೇ ನೋಡುತ್ತಿದ್ದಳು.

"ನನ್ ಗಂಡಗ ಹೇಳೇನ್ರಿ," ಎಂದಳು ಕೊನೆಗೆ. "ನಾಳಿಂದ ಮತ್ತ ಇಟ್ಟಂಗಿ ಹೊರಾಕ ಬರ್ತೀನಂತ. ಆರು ವರ್ಷಾತು, ತಲಿ ಮ್ಯಾಲಿನ ಸಿಂಬಿನೂ ಎಲ್ಲಿ ಒಗದೇನೋ."

ಸುಮಂಗಲಾ ಚೀಲ ತೆರೆದು ತಟ್ಟೆಗಳನ್ನು ತೋರಿಸಿದಳು. ಹೇಳಬೇಕಾದ್ದನ್ನು ಹೇಳಿದಳು, ಕಳಿಸಿದ ವಿಡಿಯೊ ಸಮೇತ.

ಪ್ರೇಮಾಬಾಯಿ ಎರಡನೆಯ ತಟ್ಟೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ದೇವರು ನಿಷಿದ್ಧ ಅಂತ ಬರ್ದವ್ರು ನೀವs. ನಿಮ್ ದೇವರಿಗೆ ಗೇಟ್‌ಪಾಸ್ ಇತ್ತೇನ್ರಿ ಮತ್ತ?"

ಸುಮಂಗಲಾ ಮೊದಲ ತಟ್ಟೆಯನ್ನು ವಾಪಸು ಚೀಲಕ್ಕೆ ಹಾಕಿದಳು.

"ಶೇಠ್ರಿಗೆ ಇದನ್ನ ಹೇಳ್ತೀರೋ, ಇಲ್ಲಾ ನನಗಷ್ಟs ಹೇಳಿ ಹಗರಾದ್ರೋ?"

"ಹೇಳ್ತೀನಿ."

"ನೋಡೋಣಂತ," ಎಂದು ಪ್ರೇಮಾಬಾಯಿ ಮತ್ತೆ ಕಿಟಕಿಗೆ ತಿರುಗಿದಳು. ವೈಜಾಪುರ ದಾಟಿದರೂ ತಟ್ಟೆ ವಾಪಸು ಕೊಡಲಿಲ್ಲ.

ರವಿಕಾಂತ ಶೇಠ್ ಬೀದರಿನ ಕಿರಾಣಿ ವ್ಯಾಪಾರಿಗಳ ಮನೆತನದವರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಮೇಜಿನ ಮೇಲೆ ಪ್ರೇಮಾಬಾಯಿಯನ್ನು ಕೆಲಸದಿಂದ ತೆಗೆಯುವ ಪತ್ರ, ಗೋಡೆಯ ಟಿವಿಯಲ್ಲಿ ಅದೇ ವಿಡಿಯೊ.

"ಹಲ್ದಿ-ಕುಂಕೂ!" ಎಂದರು. "ನಾ ಏನ್ ಲ್ಯಾಬ್ ನಡ್ಸತೀನೋ, ಗುಡಿ ನಡ್ಸತೀನೋ? ಧರ್ಮ ಮನ್ಯಾಗ ಇಟ್ಟ್ ಬರಬೇಕವ್ವಾ."

ಸುಮಂಗಲಾ ತಟ್ಟೆಗಳನ್ನು ಆ ಪತ್ರದ ಮೇಲೆ ಇಟ್ಟಳು. "ಇದು ಪ್ರೇಮಾಬಾಯಿ ಕುಂಕುಮರಿ. ಏನೂ ಬೆಳದಿಲ್ಲ. ಇದು ನನ್ನ ಶಿವದಾರ."

"ಏನ್ದು?"

"ಶಿವದಾರರಿ. ಲಿಂಗ ಕಟ್ಕೊಳ್ಳೂದು. ಕೆಟ್ಟಿದ್ದು ನನ್ನ ಬಾಟಲಿ. ವಿಡಿಯೊ ಕಳ್ಸಿದ್ ಮ್ಯಾಲ ಎಣಿಸ್ದೆ. ತಪ್ಪು ನನ್ನದು."

ರವಿಕಾಂತರ ಕೈ ತನ್ನಷ್ಟಕ್ಕೆ ಅಂಗಿಯ ಮೇಲಿನ ಗುಂಡಿಯ ಕಡೆ ಹೊರಟು ಅರ್ಧದಲ್ಲೇ ನಿಂತಿತು. ಬಾಗಿಲು ಹಾಕಿಬರಲು ತಾವೇ ಎದ್ದರು.

"ತಾಯಿ, ಮೆತ್ತಗ ಮಾತಾಡ್ರಿ. ಪೈಠಣದ ಪಾರ್ಟಿಗೆ ರಿಪೋರ್ಟ್ ಕೊಡಬೇಕದ. ಕಾರಣ ಅನ್ನೋ ಖಾನ್ಯಾಗ ಇಷ್ಟಲಿಂಗ ಅಂತ ಬರೀಲೇನು? ಸಮಾಜದ ಮಂದಿ ನನ್ನ ಆಫೀಸ್ ಮುಂದ ಚಪ್ಪರ ಹಾಕ್ಕೊಂಡ್ ಕುಂಡರ್ತಾರ."

"ಲಿಂಗ ಏನ್ ಮಾಡ್ಯದರಿ? ಮುಟ್ಟಿದ್ದು ಬೆರಳು."

"ಹವಾಮಾನ ಅಂತ ಬರೀರಿ."

"ಹವಾ ಒಳಗ ಬರಬಾರದಂತs ಫಿಲ್ಟರ್ ಹಾಕೇವ್ರಿ," ಎಂದಳು ಪ್ರೇಮಾಬಾಯಿ.

ರವಿಕಾಂತ ಅವಳನ್ನು ಆಗಷ್ಟೇ ಕಂಡವರಂತೆ ನೋಡಿದರು. "ನಿಂದs ನೌಕರಿ ಹೋಗ್ಲತ್ತದ, ನೀ ಏನ್ ನಡಕ ಬಾಯಿ ಹಾಕ್ತಿ?"

"ಈಗ ಹೋಗಂಗಿಲ್ಲಲ್ರಿ," ಎಂದಳು ಅವಳು.

ಹೋಗಲಿಲ್ಲ. ಕುಂಕುಮಕ್ಕೆ ಒಬ್ಬಳನ್ನು ತೆಗೆದು ವಿಭೂತಿಗೆ ಇನ್ನೊಬ್ಬಳನ್ನು ಇಟ್ಟುಕೊಳ್ಳುವುದು ರವಿಕಾಂತರ ಹಣೆಗೆ ಒಪ್ಪುವಂತಿರಲಿಲ್ಲ. ಇಬ್ಬರನ್ನೂ ತೆಗೆದರೆ ಸಸಿಯನ್ನು ಅವರೇ ಕತ್ತರಿಸಬೇಕಾಗಿತ್ತು. ಎರಡು ಕಪ್ ಚಹಾ ತಣ್ಣಗಾದ ಮೇಲೆ ಖಾನೆ ತುಂಬಿತು: "ಕಾರಣ: ಮೇಲ್ವಿಚಾರಕಿಯ ಕೈಶುಚಿ. ಪರಿಹಾರ: ಬಾಗಿಲಲ್ಲಿ ತಪಾಸಣೆ." ಸುಮಂಗಲಾ ಆರು ತಿಂಗಳು ಚಾಕು ಮುಟ್ಟುವಂತಿಲ್ಲ. ತಪಾಸಣೆ ಯಾರು ಮಾಡಬೇಕೆಂಬ ಪ್ರಶ್ನೆಗೆ ರವಿಕಾಂತ ಬೇರೆ ಹೆಸರು ಯೋಚಿಸುವಷ್ಟರಲ್ಲಿ ಪ್ರೇಮಾಬಾಯಿ ಆ ಸಾಲಿನ ಮುಂದೆ ಸಹಿ ಹಾಕಿಯಾಗಿತ್ತು.

ಸೋಮವಾರ ಬೆಳಗ್ಗೆ ಅವಳು ಲ್ಯಾಬಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಸುಮಂಗಲಾ ಲಿಂಗವನ್ನು ಕೊರಳಿನಿಂದ ಎಡತೋಳಿಗೆ ಕಟ್ಟಿಕೊಂಡು, ಮೇಲೆ ಆಟೋಕ್ಲೇವ್ ಆದ ಬಟ್ಟೆ ಸುತ್ತಿ ಟೇಪು ಅಂಟಿಸಿ, ತೋಳು ಚಾಚಿದಳು. ಪ್ರೇಮಾಬಾಯಿ ಟೇಪಿನ ಅಂಚನ್ನು ಉಗುರಿನಿಂದ ಎಳೆದು ನೋಡಿದಳು.

"ಹಣಿ?"

"ವರ್ಸ್ಕೊಂಡೇನಿ."

"ಕಿವಿ ಹಿಂದ?"

ಸುಮಂಗಲಾ ಕೂದಲು ಸರಿಸಿ ತೋರಿಸಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ಮಾಸ್ಕಿನೊಳಗೆ ನಕ್ಕರು.

"ಇಲ್ನೋಡ್ರಿ, ಬೂದಿ ಅದ," ಎಂದಳು ಪ್ರೇಮಾಬಾಯಿ. "ತೊಳ್ಕೊಂಡ್ ಬರ್ರಿ. ಗಡಿಬಿಡಿ ಮಾಡ್ಬ್ಯಾಡ್ರಿ, ನಾವ್ ಒಳಗ ಹೋಗಿರ್ತೀವಿ."

ಸುಮಂಗಲಾ ನಲ್ಲಿಯ ಕಡೆ ಹೊರಟಳು.